ಕೆಂಪು ಮುಳ್ಳಿನ ಹೊತ್ತು

ಹಡಗು
ಫೆಬ್ರವರಿ ೪

ಅಪ್ಪಾ,

ಕೆಲಸ ಸಿಕ್ಕಿತು! ಇನ್ನು ಮೇಲೆ ನಿನ್ನ ಮಗಳು ಎಣ್ಣೆ ಸಾಗಿಸುವ ಹಡಗಿನ ಎಲೆಕ್ಟ್ರಿಷಿಯನ್. ಬಾಯ್ಲರ್ ಸೂಟು ಅನ್ನುವ ಕೆಲಸದ ದಿರಿಸಿನ ಜೇಬಿನ ಮೇಲೆ ಹಾಗಂತ ದಾರದಲ್ಲಿ ಹೊಲಿದೇ ಬಿಟ್ಟಿದ್ದಾರೆ, ಈಗ ಬೇಡ ಅಂದರೂ ಬಿಚ್ಚೋಕೆ ಕಷ್ಟ. ಸೂಟು ಮಾತ್ರ ನನ್ನಂಥ ಇನ್ನೊಬ್ಬಳು ಒಳಗೆ ಬಂದು ಕೂರುವಷ್ಟು ದೊಗಳೆ. ಒಂದು ವರ್ಷದ ಕರಾರು. ಮಧ್ಯದಲ್ಲಿ ಇಳಿದರೆ ಮತ್ತೆ ಹತ್ತಿಸಿಕೊಳ್ಳುವುದಿಲ್ಲ ಅಂತ ಸಹಿ ಮಾಡಿಸಿಕೊಂಡಿದ್ದಾರೆ.

ಈಗ ಮುಖ್ಯ ವಿಷಯ. ಇಲ್ಲಿ ಫೋನು ಕಂಡರೆ ಹಾವು ಕಂಡ ಹಾಗೆ ಆಡುತ್ತಾರೆ. ಎಣ್ಣೆಯ ಆವಿ, ಒಂದು ಕಿಡಿ ಸಾಕು ಅಂತೆ. ಆರಿಸಿ ಲಾಕರಿಗೆ ಹಾಕಬೇಕು. ಊಟದ ಕೋಣೆಯಲ್ಲಿ ಮಾತ್ರ ಹಚ್ಚಬಹುದು, ಸಂಪರ್ಕ ಸಿಗುವುದೂ ಅಲ್ಲಿ ಮಾತ್ರ. ನಿನಗೆ ಫೋನು ಕೊಡುವುದು ತಿಂಗಳ ಮೊದಲ ಭಾನುವಾರ, ನಿಮ್ಮ ಗೋಡೆ ಗಡಿಯಾರದ ಸಂಜೆ ನಾಲ್ಕಕ್ಕೆ. ಆ ಹತ್ತು ನಿಮಿಷ ತಪ್ಪಿತೋ, ಮತ್ತೆ ಒಂದು ತಿಂಗಳು ಗೋಡೆ ನೋಡುತ್ತಾ ಕೂರಬೇಕು ನೀನು, ಸಮುದ್ರ ನೋಡುತ್ತಾ ನಾನು. ಹಡಗಿನ ಗಡಿಯಾರವನ್ನು ನಂಬುವ ಹಾಗಿಲ್ಲ. ಪಶ್ಚಿಮಕ್ಕೆ ಹೋದ ಹಾಗೆಲ್ಲ ಕೆಲವು ದಿನಕ್ಕೊಮ್ಮೆ ಅದನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ.

ಅದಕ್ಕೇ ಎರಡು ಊರಿನ ಹೊತ್ತು ತೋರಿಸುವ ಕೈಗಡಿಯಾರ ಬೇಕು ಅಪ್ಪಾ. ಒಂದು ಹಡಗಿನದು, ಒಂದು ನಿನ್ನದು. ನೀರು, ಎಣ್ಣೆ, ಏಟು ಎಲ್ಲ ತಡೆಯಬೇಕು, ಆಟಗಾರರು ಕಟ್ಟುತ್ತಾರಲ್ಲ ಅಂಥ ಗಟ್ಟಿಮುಟ್ಟಾದ್ದು. ಅರ್ಧ ತಿಂಗಳ ಸಂಬಳ ದಾಟಬಾರದು. ಬಂದರಿನ ಅಂಗಡಿಯ ಕಿಟಕಿಯಲ್ಲಿ ಮೂರು ನೋಡಿಟ್ಟಿದ್ದೇನೆ. ಸ್ಟೀಲ್ ಚೈನಿನದು ಒಂದು, ಅದರ ಹೊಟ್ಟೆಯೊಳಗೆ ಮೂರು ಮರಿ ಡಯಲ್. ಕಿತ್ತಳೆ ಬಣ್ಣದ ರಬ್ಬರಿನ ಡಿಜಿಟಲ್ ಒಂದು. ಕಪ್ಪು ಡಯಲ್ಲಿನ ಮೇಲೆ ಒಂದು ಹೆಚ್ಚುವರಿ ಕೆಂಪು ಮುಳ್ಳು ಇರುವುದು ಒಂದು. ಇಪ್ಪತ್ತು ವರ್ಷ ವಾಚಿನ ಕೌಂಟರಿನ ಹಿಂದೆ ನಿಂತವನು ನೀನು. ನೀನೇ ಆರಿಸು.

ನಿನ್ನ
ಚಾವಿ


ಬ್ಯಾರಕ್ ಎರಡು
ಮಾರ್ಚ್ ೧

ಚಾವಿ,

ಕಾಗದವನ್ನು ಪಕ್ಕದ ಮಂಚದ ಟೈಲರನಿಗೂ ಓದಿ ಹೇಳಿದೆ. "ಮಗಳು ಹಡಗಿಗೆ ಕರೆಂಟ್ ಕೊಡ್ತಾಳೆ ಕಣಯ್ಯಾ" ಅಂದೆ. "ಹುಷಾರು ಅನ್ನು, ಸಮುದ್ರಕ್ಕೆ ಬಿಟ್ಟಾಳು, ಮೀನೆಲ್ಲ ಸಾಯ್ತವೆ" ಅಂದ. ಅವನಿಗೆ ಹೊಟ್ಟೆಕಿಚ್ಚು. ಅವನ ಮಕ್ಕಳು ಒಂದು ಸಾಲು ಬರೆಯುವುದಿಲ್ಲ.

ಚಿಕ್ಕವಳಿದ್ದಾಗ ಅಂಗಡಿಗೆ ಬಂದು ಕೂತರೆ ನಿನ್ನ ಬಾಯಿ ನಿಲ್ಲುತ್ತಿರಲಿಲ್ಲ. "ಇವಳಿಗೆ ಬೆಳಿಗ್ಗೆ ಯಾರಯ್ಯಾ ಚಾವಿ ಕೊಟ್ಟಿದ್ದು?" ಅಂತ ಅಂಗಡಿ ಸಾಹುಕಾರರು ಕೇಳೋರು. ಆ ಹೆಸರೇ ನಿಂತಿತು. ಸಾಹುಕಾರರು ನಿಲ್ಲಲಿಲ್ಲ. ಆ ಮಾತು ಬೇಡ.

ವ್ಯಾಪಾರಕ್ಕೆ ಬರೋಣ. ಬನ್ನಿ ಮೇಡಂ, ಕೂತ್ಕೊಳ್ಳಿ, ಮಣಿಕಟ್ಟು ತೋರಿಸಿ. ಏನು ಮೇಡಂ, ಇಷ್ಟು ಸಣಕಲು ಮಣಿಕಟ್ಟು? ಆ ಮೂರು ಮರಿ ಡಯಲ್ಲಿನ ಗಡಿಗೆಯನ್ನು ಕಟ್ಟಿಕೊಂಡರೆ ಕೈ ಒಂದು ಕಡೆ ವಾಲುತ್ತೆ. ಅದೂ ಅಲ್ಲದೆ ಸ್ಟೀಲ್ ಚೈನು! ಕರೆಂಟಿನ ಕೆಲಸ ಮಾಡುವವಳ ಕೈಗೆ ಲೋಹದ ಬಳೆ ಹಾಕಲು ನನಗೇನು ತಲೆ ಕೆಟ್ಟಿದೆಯಾ? ಬಟ್ಟೆ ಪಟ್ಟಿ ಇರಲಿ. ಪೆಟ್ಟಿಗೆ ತೆರೆದು ತಂತಿಗೆ ಕೈ ಹಾಕುವಾಗ ಅದನ್ನೂ ಬಿಚ್ಚಿ ಜೇಬಿಗೆ ಹಾಕು. ಮೋಟಾರುಗಳ ಹತ್ತಿರ ಜಾಸ್ತಿ ಹೊತ್ತು ಇಡಬೇಡ, ಆಯಸ್ಕಾಂತ ಹತ್ತಿದರೆ ವಾಚು ಹುಚ್ಚು ಕುದುರೆ ಹಾಗೆ ಓಡುತ್ತೆ.

ಡಿಜಿಟಲ್ ಬೇಡ. ಗುಂಡಿ ಒತ್ತಿ ಒತ್ತಿ ನೋಡುವುದು ವಾಚಲ್ಲ, ಕ್ಯಾಲ್ಕುಲೇಟರು. ಕೈಗವಸು ಹಾಕಿಕೊಂಡು ಯಾವ ಗುಂಡಿ ಒತ್ತುತ್ತೀಯ ನೀನು?

ಮೂರನೆಯದು ಸರಿ. ಆ ಕೆಂಪು ಮುಳ್ಳು ದಿನಕ್ಕೆ ಒಂದೇ ಸುತ್ತು ಹೊಡೆಯುತ್ತೆ. ಡಯಲ್ಲಿನ ಸುತ್ತ ಇರುವ ಬಳೆಯ ಮೇಲೆ ಇಪ್ಪತ್ತನಾಲ್ಕರ ತನಕ ಅಂಕಿ ಇರುತ್ತೆ ನೋಡು. ಕೆಂಪು ಮುಳ್ಳು ನನ್ನ ಹೊತ್ತು. ಅದು ಹದಿನಾರರ ಮೇಲೆ ಬಂತು ಅಂದರೆ ಇಲ್ಲಿ ಸಂಜೆ ನಾಲ್ಕು, ನಾನು ಫೋನಿನ ಮುಂದೆ. ಒಳಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಬರೆ. ಪಕ್ಕದ ತಿರುಪು ಸ್ಕ್ರೂ ಹಾಗೆ ಒಳಗೆ ಬಿಗಿಯಾಗಬೇಕು, ಇಲ್ಲದಿದ್ದರೆ ನೀರು ಹೋಗುತ್ತೆ.

ಕಳೆದ ಸಲ ಫೋನಿನಲ್ಲಿ "ಯಾರು ಮಾತಾಡೋದು?" ಅಂತ ಕೇಳಿದೆಯಲ್ಲ, ನಾನೇ ಕಣೇ. ನೇಯ್ಗೆ ಶೆಡ್ಡಿನ ಧೂಳಿಗೆ ಗಂಟಲು ಕಟ್ಟಿದೆ. ಬಿಸಿನೀರು ಕುಡಿಯುತ್ತಿದ್ದೇನೆ.

ಅಪ್ಪ


ಹಡಗು
ಮಾರ್ಚ್ ೨೭

ಅಪ್ಪಾ,

ಹೋಗಿ ನೋಡಿದೆ. ಅಂಗಡಿಯಲ್ಲಿ ನನಗಿಂತ ಚಿಕ್ಕ ಹುಡುಗಿ, ಉಗುರೆಲ್ಲ ಕಚ್ಚಿಕೊಂಡಿದ್ದಾಳೆ. ನೀನು ಹೇಳಿದ ಹಾಗೆ ಪಟ್ಟಿ, ತಿರುಪು, ತೂಕ ಅಂತ ಕೇಳುತ್ತಾ ಹೋದರೆ "ನಿಮ್ಮದೂ ಅಂಗಡಿ ಇದೆಯಾ ಮೇಡಂ?" ಅಂದಳು. ನನ್ನ ಅಪ್ಪನದು ಇತ್ತು ಅಂದೆ. ಪೂರ್ತಿ ಸುಳ್ಳೇನಲ್ಲ, ನೀನಿಲ್ಲದೆ ಅದು ನಡೆಯುತ್ತಿರಲಿಲ್ಲ.

ಈಗ ತೊಡಕು ಏನೆಂದರೆ ಕೆಂಪು ಮುಳ್ಳಿನದು ಎರಡಿವೆ. ಒಂದು ನಾನು ಹೇಳಿದ ಕಪ್ಪು ಡಯಲ್ಲಿನದು. ಇನ್ನೊಂದು ತಿಳಿನೀಲಿ, ಸ್ವಲ್ಪ ಜಾಸ್ತಿ ಬೆಲೆ, ನನ್ನ ಮಿತಿಯ ಅಂಚಿಗೆ ಬರುತ್ತೆ ಅಷ್ಟೇ. ಆ ಹುಡುಗಿ ನೀಲಿಯದೇ ತಗೊಳ್ಳಿ ಅಂತ ಬೆನ್ನು ಹತ್ತಿದಳು. "ನೀವು ಹಡಗಿನವರು, ದಿನಾ ಹೊತ್ತು ಬದಲಾಗುತ್ತೆ. ಇದರಲ್ಲಿ ಹಡಗಿನ ಗಂಟೆ ಮುಳ್ಳೊಂದೇ ಜಿಗಿಯೋದು, ಕೆಂಪು ಮುಳ್ಳು ಅಲ್ಲಾಡೋದೇ ಇಲ್ಲ. ಕಪ್ಪಿಂದು ಆಫೀಸಲ್ಲಿ ಕೂರೋರಿಗೆ" ಅಂದಳು.

ನನಗೆ ಕಪ್ಪೇ ಇಷ್ಟವಾಯಿತು. ಆದರೆ ನೀನು ಹೇಳಿದ ಹಾಗೆ. ಮೇ ತಿಂಗಳಲ್ಲಿ ಮತ್ತೆ ಇದೇ ಬಂದರಿಗೆ ಬರುತ್ತೇವೆ, ಅಷ್ಟರಲ್ಲಿ ಬರೆ.

ಬಿಸಿನೀರು ಸಾಲದು, ಡಾಕ್ಟರಿಗೆ ತೋರಿಸು.

ಚಾವಿ


ಬ್ಯಾರಕ್ ಎರಡು
ಏಪ್ರಿಲ್ ೧೯

ಚಾವಿ,

ಕಪ್ಪಿನದೇ ತಗೋ. ಮರುಮಾತಿಲ್ಲ.

ಅಂಗಡಿಯವರು ಜಾಸ್ತಿ ಬೆಲೆಯದನ್ನೇ ಹೊಗಳುತ್ತಾರೆ. ನಾನೇನು ಕಮ್ಮಿ ಹೊಗಳಿದ್ದೇನೆಯೇ? ಗಂಟೆ ಮುಳ್ಳೊಂದೇ ಜಿಗಿಯುವ ಯಂತ್ರ ನನ್ನ ಕಾಲದಲ್ಲಿ ಈ ಬೆಲೆಗೆ ಇರಲಿಲ್ಲ, ದೊಡ್ಡ ದೊಡ್ಡವರ ಕೈಗೆ ಮಾತ್ರ ಇರುತ್ತಿತ್ತು. ಆರು ವರ್ಷದಲ್ಲಿ ಏನು ಆಕಾಶ ಕೆಳಗಿಳಿದು ಬಂತಾ? ಅಷ್ಟು ಅಗ್ಗಕ್ಕೆ ಕೊಡುತ್ತಾರೆ ಅಂದ ಮೇಲೆ ಒಳಗೆ ಏನೋ ಕೊರತೆ ಇರಲೇಬೇಕು. ಕಪ್ಪಿನದರ ಹೊಟ್ಟೆಯಲ್ಲಿರುವುದು ಹಳೇ ಯಂತ್ರ, ಅದರ ಒಂದೊಂದು ಹಲ್ಲೂ ನನಗೆ ಗೊತ್ತು. ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ.

ಈಗ ಗಮನವಿಟ್ಟು ಓದು, ಇದು ಎಲ್ಲಕ್ಕಿಂತ ಮುಖ್ಯ. ಹಡಗಿನ ಗಡಿಯಾರ ಬದಲಾದ ದಿನ ನೀನು ಮಾಡಬೇಕಾದದ್ದು ಏನೆಂದರೆ, ತಿರುಪನ್ನು ಬಿಚ್ಚಿ ▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇ ಮರೆಯಬೇಡ. ಇಷ್ಟಾದರೆ ಮುಗಿಯಿತು. ಆ ಕೆಂಪು ಮುಳ್ಳು ಯಾರ ಮಾತೂ ಕೇಳುವುದಿಲ್ಲ, ಹಟಮಾರಿ, ನನ್ನ ಹಾಗೆ. ನೀನು ಭೂಮಿಯ ಯಾವ ಮೂಲೆಗೆ ಹೋದರೂ ನನ್ನ ಹೊತ್ತನ್ನೇ ಹಿಡಿದು ಕೂತಿರುತ್ತೆ. ಬೇರೆ ಯಾರನ್ನೂ ಕೇಳಬೇಡ, ಅದನ್ನೇ ನಂಬು.

ಡಾಕ್ಟರು ನೋಡಿದರು. ಮಾತ್ರೆ ಕೊಟ್ಟಿದ್ದಾರೆ.

ಅಪ್ಪ

(ಪರಿಶೀಲಿಸಲಾಗಿದೆ)


ಹಡಗು
ಜೂನ್ ೯

ಅಪ್ಪಾ,

ತಗೊಂಡೆ, ಕಟ್ಟಿಕೊಂಡೆ, ಎಲ್ಲರಿಗೂ ತೋರಿಸಿ ತಲೆ ತಿಂದದ್ದೂ ಆಯಿತು. ದೊಡ್ಡ ಎಂಜಿನಿಯರು "ಆಯ್ತಮ್ಮಾ, ನೋಡಿದೆ, ನಿನ್ನೆಯೂ ನೋಡಿದೆ" ಅಂತ ಕೈ ಮುಗಿದರು. ಬೂದು ಬಣ್ಣದ ಬಟ್ಟೆ ಪಟ್ಟಿ. ಕತ್ತಲಲ್ಲಿ ಮುಳ್ಳುಗಳು ಹಸಿರಾಗಿ ಹೊಳೆಯುತ್ತವೆ, ಕೆಂಪಿನದು ಮಾತ್ರ ಸ್ವಲ್ಪ ಮಂಕು.

ನೀನು ಬರೆದ ಹಾಗೇ ಹೊಂದಿಸಿಕೊಂಡೆ. ಎಲ್ಲ ಅರ್ಥವಾಯಿತು, ಅದರ ಚಿಂತೆ ಬಿಡು.

ಮೊನ್ನೆ ಭಾನುವಾರ ಕೆಂಪು ಮುಳ್ಳು ಹದಿನಾರರ ಮೇಲೆ ಕೂತಿತು, ಆ ಕ್ಷಣಕ್ಕೇ ಫೋನು ಹೊಡೆದುಕೊಂಡಿತು! ಕೂಗಿಬಿಟ್ಟೆ. ನೀನೇ ವಾಚಿನೊಳಗಿಂದ ಬಂದ ಹಾಗಾಯಿತು. ನಿನ್ನ ದನಿ ಮಾತ್ರ ಚೆನ್ನಾಗಿರಲಿಲ್ಲ. ಹತ್ತು ನಿಮಿಷದಲ್ಲಿ ಒಂಬತ್ತು ನಾನೇ ಮಾತಾಡಿದೆ ಅಂತ ಆಮೇಲೆ ಗೊತ್ತಾಯಿತು. ಮುಂದಿನ ಸಲ ನೀನು ಮಾತಾಡು, ನಾನು ಬಾಯಿಗೆ ಟೇಪು ಹಚ್ಚಿಕೊಂಡಿರುತ್ತೇನೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಕೈ ಜೇಬಿನಲ್ಲಿದೆ ತಾನೇ? ಡಿಸೆಂಬರಿನಲ್ಲಿ ನಿನ್ನ ಶಿಕ್ಷೆ ಕಮ್ಮಿ ಮಾಡುವ ವಿಚಾರಣೆ ಇದೆ. ಅಲ್ಲಿಯ ತನಕ ಯಾರು ಏನೇ ಮಾಡಿದರೂ, ನಿನ್ನ ಸಾಮಾನು ಮುಟ್ಟಿದರೂ, ನಿನ್ನ ಕಾಗದಕ್ಕೆ ಏನೇ ಮಾಡಿದರೂ, ನೀನು ಕೈ ಎತ್ತಕೂಡದು. ಒಂದು ಏಟಿಗೆ ಸಾಹುಕಾರರು ಕೌಂಟರಿನ ಗಾಜಿನ ಮೇಲೆ ಬಿದ್ದು ಪ್ರಾಣ ಬಿಟ್ಟರು, ನೀನು ಆರು ವರ್ಷದಿಂದ ಒಳಗಿದ್ದೀಯ. ಇನ್ನೊಂದು ಏಟಿಗೆ ಕೊಡಲು ನನ್ನ ಹತ್ತಿರ ವರ್ಷಗಳಿಲ್ಲ ಅಪ್ಪಾ.

ನಾಳೆಯಿಂದ ಪಶ್ಚಿಮಕ್ಕೆ.

ಚಾವಿ


ಬ್ಯಾರಕ್ ಎರಡು
ಜೂನ್ ೧೮

ಚಾವಿ,

ಕೈ ಜೇಬಿನಲ್ಲೇ ಇದೆ. ಜೇಬು ಹರಿದಿದೆ, ಟೈಲರ್ ಹೊಲಿದು ಕೊಡುತ್ತಾನಂತೆ.

ಜುಲೈ ಮೊದಲ ಭಾನುವಾರ ತಪ್ಪಿಸಬೇಡ. ಯಾವ ಮೋಟಾರು ಸುಟ್ಟರೂ ಸುಡಲಿ, ಹಡಗು ಕತ್ತಲಾದರೂ ಆಗಲಿ, ನಾಲ್ಕಕ್ಕೆ ಫೋನಿನ ಹತ್ತಿರ ಇರು. ನಾನು ಯಾವತ್ತೂ ಹೀಗೆ ಕೇಳಿಲ್ಲ. ಈ ಸಲ ಕೇಳುತ್ತಿದ್ದೇನೆ.

ಗಾಬರಿಯಾಗುವಂಥದ್ದು ಏನೂ ಇಲ್ಲ. ಆ ವಾರವೇ ನನ್ನನ್ನು ಹೊರಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಗಂಟಲಿಗೆ ಸಣ್ಣ ರಿಪೇರಿ. ಬಿಚ್ಚಿ, ಒರೆಸಿ, ಮುಚ್ಚುತ್ತಾರೆ, ಅಷ್ಟೇ. ಆಮೇಲೆ ಕೆಲವು ದಿನ ಮಾತಾಡಬಾರದು ಅಂದಿದ್ದಾರೆ, ಅದಕ್ಕೆ ಮುಂಚೆ ಒಂದು ಸಲ ಮಾತಾಡಿಬಿಡೋಣ ಅಂತ. ಇದಕ್ಕೆಲ್ಲ ಹೆದರಿ ಕರಾರು ಮುರಿದು ಇಳಿದು ಗಿಳಿದು ಬಂದರೆ ನಾನು ನಿನ್ನ ಮುಖ ನೋಡುವುದಿಲ್ಲ.

ನಾಲ್ಕಕ್ಕೆ.

ಅಪ್ಪ


ಬ್ಯಾರಕ್ ಎರಡು
ಜುಲೈ ೬

ಚಾವಿ,

ನಿನ್ನೆ ನಾಲ್ಕಕ್ಕೆ ಫೋನಿನ ಮುಂದೆ ನಿಂತೆ. ಮೂರು ಸಲ ಹಚ್ಚಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು, ಕಾವಲಿನವನು ಪಾಪ ಇನ್ನೊಂದು ಸಲ ಮಾಡು ಅಂದ. ಕೊನೆಗೆ ಯಾರೋ ಹೆಂಗಸು ಮೆಸೇಜು ಬಿಡಿ ಅಂದಳು. ಮಷೀನಿನ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಇಟ್ಟುಬಿಟ್ಟೆ.

ಇರಲಿ. ಕೆಲಸ ಮೊದಲು.

ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುತ್ತಾರೆ. ವಾಚು ಚೆನ್ನಾಗಿ ನಡೆಯುತ್ತಿದೆಯಾ?

ಅಪ್ಪ


ಹಡಗು
ಜುಲೈ ೬

ಅಪ್ಪಾ,

ಯಾರಿಗೆ ಹೊಡೆದೆ?

ನೀನೇ ಬಾ ಅಂದೆ, ನೀನೇ ಫೋನು ಮಾಡಲಿಲ್ಲ. ನಿನ್ನೆ ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ. ಪಂಪಿನ ಮೋಟಾರು ಕೆಟ್ಟಿತ್ತು, ಕೈ ಮುರಿಯುವ ಹಾಗೆ ಕೆಲಸ ಮಾಡಿ ಮುಗಿಸಿ, ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಊಟದ ಕೋಣೆಯಲ್ಲಿ ಕೂತೆ. ಅರ್ಧ ಗಂಟೆ ಮುಂಚೆಯೇ ಕೂತೆ. ಕೆಂಪು ಮುಳ್ಳು ಹದಿನಾರಕ್ಕೆ ಬಂತು. ಹದಿನಾರು ದಾಟಿತು. ಹದಿನೇಳಾಯಿತು. ಅಡುಗೆಯವನು ಮೇಜು ಒರೆಸಿ, ದೀಪ ಆರಿಸಬೇಕು ಅಂತ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ.

ಫೋನಿನ ಹಕ್ಕು ಕಿತ್ತುಕೊಂಡಿದ್ದಾರೆ ಅಂದರೆ ನೀನು ಏನೋ ಮಾಡಿದ್ದೀಯ. ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಡಿಸೆಂಬರಿನ ತನಕ ತಡೆಯಲಾಗಲಿಲ್ಲವಾ ನಿನಗೆ? ನನ್ನ ಮೇಲೆ ಸ್ವಲ್ಪವಾದರೂ ಪ್ರೀತಿ ಇದ್ದಿದ್ದರೆ ಆ ಕೈಯನ್ನು ಕಟ್ಟಿ ಹಾಕಿಕೊಳ್ಳುತ್ತಿದ್ದೆ. ನಿನ್ನ ಗಂಟಲಿನ ಬಗ್ಗೆ ಈಗ ಕೇಳಲು ನನಗೆ ಮನಸ್ಸಿಲ್ಲ.

ಮಗಳು


ಹಡಗು
ಆಗಸ್ಟ್ ೨೦

ಅಪ್ಪಾ,

ಈ ಕಾಗದವನ್ನು ಕೂತು ಓದು. ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓದು.

ಆರು ವಾರವಾದ ಮೇಲೆ ಇವತ್ತು ದಡ ಸಿಕ್ಕಿತು. ನಮ್ಮ ಹಡಗಿನ ಟಪಾಲು ನೋಡಿಕೊಳ್ಳುವ ಏಜೆಂಟರ ಆಫೀಸಿನಲ್ಲಿ ನಿನ್ನ ಜುಲೈ ಕಾಗದ ಕೊಟ್ಟರು. ಮೂರು ಸಲ ಹಚ್ಚಿದೆ ಅಂತ ಓದಿ, ಅಪ್ಪ ಯಾಕೆ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಬಾಗಿಲು ದಾಟುವಾಗ ಫೋನಿಗೆ ದಡದ ಸಂಪರ್ಕ ಬಂತು, ಬಿಟ್ಟ ಮೆಸೇಜುಗಳು ಹಡಗಿನ ಸಂಪರ್ಕದಲ್ಲಿ ಬರುವುದಿಲ್ಲ. ಹಳೆಯ ಮೆಸೇಜು ಒಂದು ಬಿತ್ತು. ಜುಲೈ ಐದು, ನಿಮ್ಮೂರ ಸಂಜೆ ನಾಲ್ಕು ಗಂಟೆ. ನಿನ್ನ ದನಿ.

ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ನಿಮ್ಮೂರಿನ ಹೊತ್ತು ನೋಡಿದೆ. ಕೈ ತಿರುಗಿಸಿ ಕೆಂಪು ಮುಳ್ಳು ನೋಡಿದೆ. ಹಡಗಿನ ಗಡಿಯಾರ ಎಷ್ಟು ಗಂಟೆ ಹಿಂದಕ್ಕೆ ಹೋಗಿತ್ತೋ ಅದೂ ಅಷ್ಟೇ ಹಿಂದೆ ಬಿದ್ದಿದೆ. ಹಡಗಿನ ಹೊತ್ತು ಬದಲಾದ ದಿನವೆಲ್ಲ ನಾನು ತಿರುಪನ್ನು ಪೂರ್ತಿ ಹೊರಗೆಳೆದು ಮುಳ್ಳು ತಿರುಗಿಸಿ ಮುಚ್ಚುತ್ತಿದ್ದೆ. ಕೆಂಪಿನದೂ ಜೊತೆಗೇ ತಿರುಗುತ್ತೆ ಅಂತ ನೋಡಲೇ ಇಲ್ಲ. ಯಾಕೆ ನೋಡಲಿ? ಅದು ಹಟಮಾರಿ, ಯಾರ ಮಾತೂ ಕೇಳುವುದಿಲ್ಲ, ಅದನ್ನೇ ನಂಬು ಅಂತ ನೀನು ಬರೆದಿದ್ದೆ.

ನೀನು ಫೋನಿನ ಮುಂದೆ ನಿಂತಿದ್ದಾಗ ನಾನು ಕೆಳಗೆ ಆ ಪಂಪಿನ ಮೋಟಾರು ಬಿಚ್ಚುತ್ತಿದ್ದೆ ಅಪ್ಪಾ. ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ಹಾಡಿಕೊಳ್ಳುತ್ತಿದ್ದೆ. ನಾನು ಒಗೆದ ಅಂಗಿ ಹಾಕಿಕೊಂಡು ಕಾಯುತ್ತಾ ಕೂತಾಗ ನಿನ್ನ ನಾಲ್ಕು ಗಂಟೆ ಯಾವಾಗಲೋ ಮುಗಿದು ನಿಮ್ಮನ್ನೆಲ್ಲ ಒಳಗೆ ಹಾಕಿ ಬೀಗ ಜಡಿದಿದ್ದರು.

ಇನ್ನೊಂದನ್ನು ಹೇಳದೆ ಗತಿಯಿಲ್ಲ. ಏಪ್ರಿಲ್ ಕಾಗದದಲ್ಲಿ ನೀನು ಹೇಳಿಕೊಟ್ಟಿದ್ದರ ಮೇಲೆಲ್ಲ ಕಪ್ಪು ಶಾಯಿ ಬಳಿದು ಕಳಿಸಿದ್ದರು. ಒಂದಕ್ಷರ ಕಾಣುತ್ತಿರಲಿಲ್ಲ. ಬೆಳಕಿಗೆ ಹಿಡಿದೆ, ಹಿಂದಿನಿಂದ ನೋಡಿದೆ. ನಿನಗೆ ಹೇಳಿದರೆ ನೀನು ಎದ್ದು ಹೋಗಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯುತ್ತೀಯ, ಡಿಸೆಂಬರ್ ಮಣ್ಣುಪಾಲಾಗುತ್ತೆ ಅಂತ ಹೆದರಿ ಎಲ್ಲ ಅರ್ಥವಾಯಿತು ಅಂತ ಬರೆದೆ. ಅಷ್ಟಕ್ಕೂ ಒಂದು ವಾಚು ತಾನೇ, ನಾನು ಎಲೆಕ್ಟ್ರಿಷಿಯನ್ ಅಲ್ಲವಾ ಅಂತ ಜಂಬ ಬೇರೆ.

ಯಾರಿಗೆ ಹೊಡೆದೆ ಅಂತ ಕೇಳಿದೆನಲ್ಲ. ಆ ಕಾಗದ ಹರಿದು ಹಾಕು.

ಗಂಟಲು ಹೇಗಿದೆ? ಆಗಸ್ಟಿನ ಮೊದಲ ಭಾನುವಾರವೂ ಫೋನು ಬರಲಿಲ್ಲ. ಅವತ್ತೂ ಕಾದಿದ್ದು ತಪ್ಪು ಹೊತ್ತಿಗೇ, ಆದರೆ ಈ ಸಲ ಮೆಸೇಜೂ ಇಲ್ಲ. ಯಾಕೆ? ಸಣ್ಣ ರಿಪೇರಿ ತಾನೇ?

ಚಾವಿ


ಬ್ಯಾರಕ್ ಎರಡು
ಸೆಪ್ಟೆಂಬರ್ ೧೪

ಚಾವಿ,

ಸಣ್ಣ ರಿಪೇರಿ ಅಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಗಡ್ಡೆ ಅದರ ಮೇಲೆ ಕೂತಿತ್ತು. ಅದನ್ನು ಉಳಿಸಿದರೆ ನಾನು ಉಳಿಯುವುದಿಲ್ಲ ಅಂತ ಮೇ ತಿಂಗಳಲ್ಲೇ ಹೇಳಿದ್ದರು. ಈಗ ಕತ್ತಿನಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದ. ಮಾತು ಇಲ್ಲ. ಮುಂದೆಯೂ ಇಲ್ಲ. ಹೊರಗೆ ಒಂಥರಾ ಮಷೀನು ಸಿಗುತ್ತಂತೆ, ಕತ್ತಿಗೆ ಹಿಡಿದರೆ ಗೊರಗೊರ ಅನ್ನುತ್ತೆ. ಇಲ್ಲಿ ಯಾರು ತಂದುಕೊಡುತ್ತಾರೆ?

ಮೊದಲೇ ಹೇಳಿದ್ದರೆ ನೀನು ಮೊದಲ ಬಂದರಿನಲ್ಲೇ ಇಳಿದು ಓಡಿ ಬರುತ್ತಿದ್ದೆ. ನಿನ್ನ ಕೆಲಸ ಹೋಗುತ್ತಿತ್ತು. ನನ್ನಿಂದ ನಿನಗೆ ಹೋದದ್ದು ಸಾಕು ಅನ್ನಿಸಿತು.

ನಿನ್ನ ಕಾಗದ ಓದಿದ ಮೇಲೆ ನೀನು ಹೆದರಿದ ಹಾಗೇ ಎದ್ದೆ. ಕಾಗದ ಓದುವ ಸಾಹೇಬರ ಕೋಣೆಗೆ ಹೋದೆ. ಬಾಯಿದ್ದಿದ್ದರೆ ಬೈಯುತ್ತಿದ್ದೆ, ಬೈದಿದ್ದರೆ ಕೈಯೂ ಏಳುತ್ತಿತ್ತು, ನನಗೆ ನನ್ನ ಗುಣ ಗೊತ್ತು. ಬಾಯಿ ಇಲ್ಲವಲ್ಲ, ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. ಆತ ಓದಿ ಕನ್ನಡಕ ತೆಗೆದರು. "ಒಂದು ಹಂತ ಎಳಿ, ಎರಡು ಹಂತ ಎಳಿ, ಇಷ್ಟು ಗಂಟೆ ಹಿಂದಕ್ಕೆ ಅಂತೆಲ್ಲ ಇತ್ತಲ್ಲಯ್ಯಾ. ಓಡಿಹೋಗೋ ಪ್ಲಾನು ಅಂದ್ಕೊಂಡೆ" ಅಂದರು. ನನಗೆ ನಗು ಬಂತು ಕಣೇ. ನಗುವಿಗೂ ಸದ್ದಿಲ್ಲ, ತೂತಿನಿಂದ ಬರೀ ಗಾಳಿ ಹೋಯಿತು. ಆತ ಹೆದರಿ ನೀರು ತರಿಸಿದರು.

ಹೊಡೆಯಲಿಲ್ಲ. ಕೈ ಜೇಬಿನಲ್ಲೇ ಇತ್ತು.

ಇನ್ನೊಮ್ಮೆ ಬರೆಯುತ್ತೇನೆ, ಈ ಸಲ ಬಿಡುತ್ತಾರಂತೆ. ತಿರುಪನ್ನು ಪೂರ್ತಿ ಎಳೆದು ಹಡಗಿನ ಹೊತ್ತು ಹೊಂದಿಸು, ಆಗ ಕೆಂಪು ಮುಳ್ಳೂ ಜೊತೆಗೆ ಹೋಗುತ್ತೆ. ಆಮೇಲೆ ತಿರುಪನ್ನು ಅರ್ಧ ಒಳಗೆ ತಳ್ಳಿ ಕೆಂಪಿನದನ್ನು ಮಾತ್ರ ತಿರುಗಿಸಿ ಮತ್ತೆ ನನ್ನ ಹೊತ್ತಿಗೆ ತಂದು ನಿಲ್ಲಿಸು. ಪ್ರತಿ ಸಲವೂ ಎರಡೂ ಕೆಲಸ ಮಾಡಬೇಕು. ಎಲ್ಲ ಬಿಟ್ಟು ಆ ಉಗುರು ಕಚ್ಚುವ ಹುಡುಗಿ ಹೇಳಿದ್ದನ್ನು ಕೇಳಿದ್ದರೆ ಇದಾವುದೂ ಬೇಕಿರಲಿಲ್ಲ. ಆಕಾಶ ನಿಜವಾಗಿಯೂ ಕೆಳಗಿಳಿದಿತ್ತು, ನಾನು ಒಳಗಿದ್ದೆ, ನೋಡಲಿಲ್ಲ.

ಅವತ್ತು ಹೇಳಬೇಕು ಅಂದುಕೊಂಡಿದ್ದು ದೊಡ್ಡದೇನಲ್ಲ. ಒಂದು ಸಲ ಬಾಯಿತುಂಬ ಚಾವೀ ಅಂತ ಕರೆಯಬೇಕು ಅಂತಿದ್ದೆ, ಬೆಳಿಗ್ಗೆ ನಿನ್ನನ್ನು ಎಬ್ಬಿಸುತ್ತಿದ್ದೆನಲ್ಲ ಹಾಗೆ. ಬ್ಯಾರಕ್ಕಿನ ಹಿಂದೆ ನಿಂತು ಅಭ್ಯಾಸ ಬೇರೆ ಮಾಡಿದ್ದೆ, ಟೈಲರ್ ನಕ್ಕಿದ್ದ.

ಆ ಮೆಸೇಜಿನಲ್ಲಿ ಏನಿದೆ? ಆ ಹೆಂಗಸು ಮಾತಾಡಿದ ಮೇಲೆ ನಾನು ಏನು ಹೇಳಿ ಇಟ್ಟೆನೋ ನೆನಪಿಲ್ಲ. ನಿನ್ನ ಹೆಸರು ಕರೆದೆನಾ? ಕರೆದಿದ್ದರೆ ಸಾಕು. ಬರೆ.

ಅಪ್ಪ


ಹಡಗು
ಅಕ್ಟೋಬರ್ ೧೧

ಅಪ್ಪಾ,

ಶಾಯಿ ಬಳಿಯುವ ಸಾಹೇಬರೇ, ಇದರಲ್ಲಿ ಯಾವ ಪ್ಲಾನೂ ಇಲ್ಲ. ದಯವಿಟ್ಟು ಪೂರ್ತಿ ಬಿಡಿ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ನೀನು ಹೆಸರು ಕರೆದೆ ಅಂತ ಬರೆಯಲು ಎರಡು ಸಲ ಕೂತೆ. ಬರೆದೆ, ಹರಿದೆ. ಅರ್ಥವಾಯಿತು ಅಂತ ನಾನೊಂದು ಸುಳ್ಳು ಬರೆದೆ, ಸಣ್ಣ ರಿಪೇರಿ ಅಂತ ನೀನೊಂದು ಬರೆದೆ. ಅವೆರಡಕ್ಕೇ ಇಷ್ಟಾಯಿತು. ಮೂರನೆಯದು ನನ್ನ ಕೈಯಿಂದ ಬರಲಿಲ್ಲ.

ಕರೆದಿಲ್ಲ ಅಪ್ಪಾ. ಮೊದಲು ಒಂದು ಕೆಮ್ಮು. ಆಮೇಲೆ ಉಸಿರು. ಹಿಂದೆ ಯಾರೋ ಬೇಗ ಬೇಗ ಅನ್ನುತ್ತಾರೆ. ಆಮೇಲೆ ನೀನು ಕಾವಲಿನವನಿಗೆ ಹೇಳುತ್ತೀಯ, "ಎತ್ತಲ್ಲ ಬಿಡಿ ಸಾರ್. ಅವಳಿಗೆ ಪುರುಸೊತ್ತಿಲ್ಲ." ಆಮೇಲೆ ಫೋನು ಇಟ್ಟ ಸದ್ದು. ಅಷ್ಟೇ ಇರುವುದು.

ಮೊದಲ ದಿನ ಆ ಮೆಟ್ಟಿಲ ಮೇಲೆ ಕೂತೇ ಕೇಳಿದೆ. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಅಷ್ಟು ವರ್ಷದಲ್ಲಿ ಒಂದು ಭಾನುವಾರ ತಪ್ಪಿದ್ದಕ್ಕೆ ಹೀಗಾ ಅಂದುಕೊಂಡೆ. ನಿನ್ನ ಸೆಪ್ಟೆಂಬರಿನ ಕಾಗದ ಬಂದ ಮೇಲೆ ನನಗೆ ಉಳಿದಿರುವುದು ಇದೊಂದೇ ಅಂತ ಗೊತ್ತಾಯಿತು. ದಿನಾ ಕೇಳುತ್ತೇನೆ. ಕೇಳಿ ಕೇಳಿ ಈಗ ಮಾತು ಸವೆದು ಹೋಗಿದೆ, ದನಿ ಮಾತ್ರ ಉಳಿದಿದೆ. "ಅವಳಿಗೆ" ಅನ್ನುವ ಕಡೆ ನಿನ್ನ ದನಿ ಸ್ವಲ್ಪ ಒಡೆಯುತ್ತೆ. ಆ ಅವಳು ನಾನೇ ತಾನೇ? ಹಾಗಾದರೆ ಕರೆದ ಹಾಗೇ ಅಂತ ಇಟ್ಟುಕೊಂಡಿದ್ದೇನೆ. ಅಳಿಸುವುದಿಲ್ಲ.

ವಾಚು ಬದಲಾಯಿಸಲಿಲ್ಲ. ನೀಲಿಯದು ಈಗಲೂ ಆ ಕಿಟಕಿಯಲ್ಲಿದೆ. ಆ ಹುಡುಗಿ ಗುರುತು ಹಿಡಿದು ನಕ್ಕಳು, ನಾನು ಬೇಡ ಅಂದೆ. ಹಡಗಿನ ಹೊತ್ತು ಬದಲಾದ ದಿನವೆಲ್ಲ ಈಗ ಎರಡೂ ಕೆಲಸ ಮಾಡುತ್ತೇನೆ. ಪೂರ್ತಿ ಎಳೆದು ನನ್ನದು, ಅರ್ಧ ತಳ್ಳಿ ನಿನ್ನದು. ಆಮೇಲೂ ಊಟದ ಕೋಣೆಗೆ ಹೋಗಿ ಫೋನಿನಲ್ಲಿ ಇನ್ನೊಮ್ಮೆ ನೋಡುತ್ತೇನೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಮುಳ್ಳಿನ ಮೇಲೆ.

ನವೆಂಬರ್ ಮೊದಲ ಭಾನುವಾರ ನಾಲ್ಕಕ್ಕೆ ಸಾಲಿನಲ್ಲಿ ನಿಲ್ಲು. ಮಾತು ಬರದವನಿಗೆ ಫೋನು ಯಾಕೆ ಅಂತ ಯಾರಾದರೂ ಕೇಳಿದರೆ ಈ ಕಾಗದ ತೋರಿಸು, ಸಾಹೇಬರು ಓದಿದ್ದಾರಲ್ಲ, ಅವರೇ ಹೇಳುತ್ತಾರೆ. ನಾನು ಎತ್ತುತ್ತೇನೆ. ಆ ತೂತಿನ ಹತ್ತಿರ ಫೋನು ಹಿಡಿದು ಉಸಿರಾಡು, ನೀನಿದ್ದೀಯ ಅಂತ ಗೊತ್ತಾದರೆ ಸಾಕು. ಹತ್ತು ನಿಮಿಷವೂ ನಾನೇ ಮಾತಾಡುತ್ತೇನೆ. ಚಾವಿ ಕೊಟ್ಟವನು ನೀನೇ, ಕೇಳಿಸಿಕೋ.

ಚಾವಿ